ಕಚೇರಿಯ ಇ-ಮೇಲ್ ಪೆಟ್ಟಿಗೆ ಕ್ಲೌಡ್‌ಗೆ ಸ್ಥಳಾಂತರಗೊಳ್ಳುವಾಗ ಉಂಟಾಗುವ ತೊಡಕುಗಳು: ಅರ್ಜಿದಾರರಿಗೆ ಮಾಹಿತಿ

ಸರ್ಕಾರಿ ಕಚೇರಿಗಳು, ನಿಗಮ ಮಂಡಳಿಗಳು ಹಾಗೂ ಸ್ಥಳೀಯ ಸಂಸ್ಥೆಗಳು ತಮ್ಮ ಕಟ್ಟಡದಲ್ಲಿಯೇ ಇರಿಸಿಕೊಂಡಿದ್ದ ಇ-ಮೇಲ್ ಸರ್ವರ್‌ಗಳನ್ನು ಕೈಬಿಟ್ಟು ಕ್ಲೌಡ್ ವ್ಯವಸ್ಥೆಗೆ ಬದಲಾಗುತ್ತಿವೆ. ಈ ಅವಧಿಯಲ್ಲಿ ಸಾರ್ವಜನಿಕರು ಕಳುಹಿಸಿದ ಅರ್ಜಿ, ಆಕ್ಷೇಪಣೆ ಹಾಗೂ ಪೂರಕ ದಾಖಲೆಗಳು ಹಿಂದಿರುಗುವುದು, ತಡವಾಗಿ ತಲುಪುವುದು ಅಥವಾ ಯಾವ ಸೂಚನೆಯೂ ಇಲ್ಲದೆ ಕಾಣೆಯಾಗುವುದು ಸಂಭವಿಸಬಹುದು. ಹೀಗಾದಾಗ ಅರ್ಜಿದಾರರು ಏನು ಮಾಡತಕ್ಕದ್ದು, ಕಚೇರಿಯಿಂದ ಏನನ್ನು ಕೇಳಿ ಪಡೆಯಬಹುದು ಎಂಬುದನ್ನು ಕೆಂಪಾಪುರ, ಹೆಬ್ಬಾಳ, ಯಲಹಂಕ, ಆರ್.ಟಿ. ನಗರ, ಯಶವಂತಪುರ ಭಾಗದ ನಾಗರಿಕರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಸರ್ಕಾರಿ ಇ-ಮೇಲ್ ವ್ಯವಸ್ಥೆಯನ್ನು ಬಹುಕಾಲದಿಂದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು, ಅಂದರೆ ಎನ್‌ಐಸಿಯು, ನಿರ್ವಹಿಸುತ್ತ ಬಂದಿದೆ. 2015ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ಇ-ಮೇಲ್ ನೀತಿಯು ಅಧಿಕೃತ ಪತ್ರವ್ಯವಹಾರವನ್ನು ಸರ್ಕಾರಿ ಇ-ಮೇಲ್ ಮೂಲಕವೇ ನಡೆಸಬೇಕೆಂದು ಸೂಚಿಸಿತು. ಮುಂದೆ 2023ರಲ್ಲಿ ಚೆನ್ನೈ ಮೂಲದ ಜೋಹೊ ಸಂಸ್ಥೆಗೆ ಏಳು ವರ್ಷಗಳ ಗುತ್ತಿಗೆ ನೀಡಲಾಯಿತು. ಸುಮಾರು 12 ಲಕ್ಷ ನೌಕರರ ಇ-ಮೇಲ್ ಖಾತೆಗಳು ಆ ಸಂಸ್ಥೆಯ ವೇದಿಕೆಗೆ ವರ್ಗಾವಣೆಗೊಂಡಿರುವುದು 2025ರ ಅಕ್ಟೋಬರ್‌ನಲ್ಲಿ ವರದಿಯಾಯಿತು. ಖಾತೆಗಳು ಸ್ಥಳ ಬದಲಿಸಿದರೂ ವಿಳಾಸದ ಕೊನೆಯ ಭಾಗವಾದ ಜಿಒವಿ ಡಾಟ್ ಇನ್ ಮತ್ತು ಎನ್‌ಐಸಿ ಡಾಟ್ ಇನ್ ಎಂಬುವು ಹಾಗೆಯೇ ಉಳಿದಿವೆ. ಪೆಟ್ಟಿಗೆ ಎಲ್ಲಿದೆ ಎಂಬುದು ಬೇರೆ, ವಿಳಾಸ ಯಾವುದು ಎಂಬುದು ಬೇರೆ. ಮುಂದಿನ ವಿವರಣೆಗೆಲ್ಲ ಈ ವ್ಯತ್ಯಾಸವೇ ಆಧಾರವಾಗಿರುವುದರಿಂದ ಓದುಗರು ಇದನ್ನು ಗಮನದಲ್ಲಿಡುವುದು.

ಸ್ವಂತ ಸರ್ವರ್ ಇರಿಸಿಕೊಂಡಿರುವ ಕಚೇರಿಗಳು ಬದಲಾಗಲು ಕಾರಣಗಳೂ ಇವೆ. ಹಲವು ಕಚೇರಿ ಹಾಗೂ ಸಂಸ್ಥೆಗಳಲ್ಲಿ ಬಳಕೆಯಲ್ಲಿರುವ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರ್‌ನ 2016 ಮತ್ತು 2019ರ ಆವೃತ್ತಿಗಳಿಗೆ ತಯಾರಕರ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ದಾಳಿ ನಡೆದು ಹಲವು ದಿನ ಹೊರರೋಗಿ ಚೀಟಿಯನ್ನೂ ಕೈಯಲ್ಲಿ ಬರೆಯಬೇಕಾಗಿ ಬಂದ ಮೇಲೆ, ಕಟ್ಟಡದ ಒಂದು ಕೋಣೆಯಲ್ಲಿ ಯಂತ್ರವಿರಿಸಿ ನಂಬಿ ಕೂರುವುದು ಕಷ್ಟವೆಂಬ ಅರಿವು ಎಲ್ಲೆಡೆ ಮೂಡಿದೆ.

ಸ್ಥಳಾಂತರ ನಡೆಯುವ ವಿಧಾನ

ಮೊದಲು ಹೊಸ ವ್ಯವಸ್ಥೆಯಲ್ಲಿ ಪ್ರತಿ ಅಧಿಕಾರಿಗೂ ಪ್ರತಿ ಶಾಖೆಗೂ ಖಾತೆ ತೆರೆಯಲಾಗುತ್ತದೆ. ಬಳಿಕ ಹಳೆಯ ಪೆಟ್ಟಿಗೆಯಲ್ಲಿರುವ ಪತ್ರಗಳ ಪ್ರತಿಗಳನ್ನು ಹೊಸದಕ್ಕೆ ತುಂಬಲಾಗುತ್ತದೆ. ಇದು ಗಂಟೆಗಳಲ್ಲಿ ಮುಗಿಯಬಹುದು, ವಾರಗಳನ್ನೂ ತೆಗೆದುಕೊಳ್ಳಬಹುದು. ಮೂರನೆಯ ಹಂತದಲ್ಲಿ ಡೊಮೈನ್‌ನ ಎಂಎಕ್ಸ್ ದಾಖಲೆಯನ್ನು ಬದಲಿಸಲಾಗುತ್ತದೆ. ಎಂಎಕ್ಸ್ ದಾಖಲೆ ಎಂದರೆ, ಈ ಡೊಮೈನ್‌ಗೆ ಬರುವ ಅಂಚೆಯನ್ನು ಯಾವ ಯಂತ್ರಕ್ಕೆ ಒಪ್ಪಿಸಬೇಕು ಎಂದು ಪ್ರಪಂಚಕ್ಕೆಲ್ಲ ತಿಳಿಸುವ ಒಂದು ಸಾಲಿನ ಫಲಕ. ಇದನ್ನು ಬದಲಿಸಿದ ನಂತರ, ನಡುವಿನ ಅವಧಿಯಲ್ಲಿ ಹಳೆಯ ಪೆಟ್ಟಿಗೆಗೆ ಬಂದ ಪತ್ರಗಳನ್ನು ಇನ್ನೊಮ್ಮೆ ಗುಡಿಸಿ ಹೊಸದಕ್ಕೆ ಸೇರಿಸಲಾಗುತ್ತದೆ. ಕೊನೆಯಲ್ಲಿ ಹಳೆಯ ಯಂತ್ರವನ್ನು ನಿಲ್ಲಿಸಲಾಗುತ್ತದೆ.

ತೊಂದರೆ ಬರುವುದು ಬಹುತೇಕ ಮೂರನೆಯ ಹಂತದ ಆಸುಪಾಸಿನಲ್ಲಿ. ಎಂಎಕ್ಸ್ ಫಲಕವನ್ನು ಬದಲಿಸಿದ ಕೂಡಲೇ ಎಲ್ಲರಿಗೂ ಅದು ಕಾಣುವುದಿಲ್ಲ. ಒಮ್ಮೆ ನೋಡಿಕೊಂಡವರು ನಿಗದಿತ ಅವಧಿಯವರೆಗೆ ನೆನಪಿನಿಂದಲೇ ಕೆಲಸ ಮಾಡುತ್ತಾರೆ. ಈ ಅವಧಿಯನ್ನು ಸೆಕೆಂಡುಗಳಲ್ಲಿ ನಮೂದಿಸಲಾಗುತ್ತದೆ. 86,400 ಎಂದಿದ್ದರೆ ಒಂದು ಪೂರ್ಣ ದಿನ. ಎಚ್ಚರಿಕೆಯುಳ್ಳ ನಿರ್ವಾಹಕರು ಬದಲಾವಣೆಗೆ ಒಂದೆರಡು ದಿನ ಮುಂಚೆಯೇ ಇದನ್ನು 300 ಸೆಕೆಂಡುಗಳಿಗೆ ಇಳಿಸಿಡುತ್ತಾರೆ. ಹಾಗೆ ಮಾಡದಿದ್ದಲ್ಲಿ ಒಂದು ದಿನದಷ್ಟು ಕಾಲ ಕೆಲವರ ಪತ್ರ ಹಳೆಯ ಪೆಟ್ಟಿಗೆಗೂ ಕೆಲವರದು ಹೊಸ ಪೆಟ್ಟಿಗೆಗೂ ಬೀಳುತ್ತದೆ. ಒಂದೇ ಬಡಾವಣೆಯ ಇಬ್ಬರು ಒಂದೇ ಗಂಟೆಯಲ್ಲಿ ಕಳುಹಿಸಿದ ಅರ್ಜಿಗಳಲ್ಲಿ ಒಂದಕ್ಕೆ ಉತ್ತರ ಬಂದು ಇನ್ನೊಂದಕ್ಕೆ ಬಾರದಿರಲು ಇದು ಕಾರಣವಾಗಬಹುದು. ಇದರಲ್ಲಿ ತಾರತಮ್ಯವೇನೂ ಇರುವುದಿಲ್ಲ.

ಪತ್ರಗಳು ಕಾಣೆಯಾಗುವ ಸಾಮಾನ್ಯ ಸಂದರ್ಭಗಳು

ಅತ್ಯಂತ ಹೆಚ್ಚು ಗೊಂದಲ ಉಂಟುಮಾಡುವ ಸಂದರ್ಭವೆಂದರೆ ಹಳೆಯ ಸರ್ವರ್ ಇನ್ನೂ ಚಾಲನೆಯಲ್ಲಿದ್ದು, ಆ ಡೊಮೈನ್‌ನ ಅಂಚೆಗೆಲ್ಲ ತಾನೇ ಒಡೆಯನೆಂದು ತಿಳಿದಿರುವುದು. ಹೊರಗಿನಿಂದ ಬರುವ ಪತ್ರಗಳು ಹೊಸ ಪೆಟ್ಟಿಗೆಗೆ ಸರಿಯಾಗಿ ಬರುತ್ತಿರುತ್ತವೆ. ಆದರೆ ಕಚೇರಿಯ ಜಾಲತಾಣದ ಅರ್ಜಿ ನಮೂನೆ, ದೂರು ದಾಖಲಾತಿ ತಂತ್ರಾಂಶ, ಸ್ಕ್ಯಾನರ್ ಮುಂತಾದವು ಹಳೆಯ ಸರ್ವರ್ ಮೂಲಕವೇ ಪತ್ರ ಕಳುಹಿಸುವಂತೆ ಹೊಂದಿಸಿದ್ದರೆ, ಆ ಸರ್ವರ್ ಹೊರಗೆ ನೋಡದೆ ತನ್ನಲ್ಲಿರುವ ಹಳೆಯ ಪೆಟ್ಟಿಗೆಗೇ ಅದನ್ನು ಹಾಕಿಬಿಡುತ್ತದೆ. ಕಳುಹಿಸಿದ ತಂತ್ರಾಂಶಕ್ಕೆ ಪತ್ರ ತಲುಪಿತೆಂಬ ಉತ್ತರವೂ ಸಿಗುತ್ತದೆ. ಅಧಿಕಾರಿ ಮಾತ್ರ ಆ ಪೆಟ್ಟಿಗೆಯನ್ನು ತೆರೆಯುವುದನ್ನು ನಿಲ್ಲಿಸಿರುತ್ತಾರೆ. ನಾಗರಿಕರು ಜಾಲತಾಣದಲ್ಲಿ ನಮೂನೆ ತುಂಬಿ, ಪರದೆಯ ಮೇಲೆ ಧನ್ಯವಾದ ಎಂಬ ಸಾಲನ್ನೂ ಓದಿ, ಒಂದು ತಿಂಗಳು ಕಾದು ಕುಳಿತಿರುವ ಪ್ರಕರಣಗಳಲ್ಲಿ ಮೊದಲು ಪರಿಶೀಲಿಸಬೇಕಾದದ್ದು ಇದನ್ನೇ. ನಿರ್ವಾಹಕರು ಹಳೆಯ ಸರ್ವರ್‌ನಲ್ಲಿ ಆ ಡೊಮೈನನ್ನು ತೆಗೆದುಹಾಕಿ ಪತ್ರಗಳನ್ನು ಹೊಸ ವ್ಯವಸ್ಥೆಗೆ ದಾಟಿಸುವಂತೆ ಹೊಂದಿಸತಕ್ಕದ್ದು. ಅದಕ್ಕೂ ಮುಂಚೆ ಹಳೆಯ ಪೆಟ್ಟಿಗೆಯಲ್ಲಿ ಸ್ಥಳಾಂತರದ ದಿನಾಂಕದ ನಂತರ ಬಂದಿರುವ ಪತ್ರಗಳನ್ನೆಲ್ಲ ಹೊರತೆಗೆದು ಆವಕ ವಹಿಯಲ್ಲಿ ದಾಖಲಿಸುವುದು ಅಗತ್ಯ.

ಎರಡನೆಯದು ಸಾಮಾನ್ಯ ವಿಳಾಸಗಳ ಪ್ರಶ್ನೆ. ಕಚೇರಿಯಲ್ಲಿ ವ್ಯಕ್ತಿಗಳ ಹೆಸರಿನ ಖಾತೆಗಳಲ್ಲದೆ ಟಪಾಲು ಶಾಖೆ, ದೂರು ವಿಭಾಗ, ಮಾಹಿತಿ ಅಧಿಕಾರಿ ಎಂಬ ಪದನಾಮದ ವಿಳಾಸಗಳೂ ಇರುತ್ತವೆ. ಇವುಗಳಲ್ಲಿ ಕೆಲವು ನಿಜವಾದ ಪೆಟ್ಟಿಗೆಗಳಲ್ಲ. ಬಂದ ಪತ್ರವನ್ನು ಮೂರು ನಾಲ್ಕು ಜನರಿಗೆ ಹಂಚುವ ಪಟ್ಟಿಗಳು ಮಾತ್ರ. ಪೆಟ್ಟಿಗೆಗಳನ್ನು ಎಣಿಸಿ ಸ್ಥಳಾಂತರಿಸುವಾಗ ಈ ಪಟ್ಟಿಗಳು ಬಿಟ್ಟುಹೋಗುವುದುಂಟು. ಸಾರ್ವಜನಿಕರು ಬಳಸುವುದು ಇವೇ ವಿಳಾಸಗಳನ್ನು ಎಂಬುದು ಇಲ್ಲಿನ ವಿಪರ್ಯಾಸ.

ಮೂರನೆಯದು ಪಾಪ್ ವಿಧಾನದಲ್ಲಿ ಪತ್ರ ಇಳಿಸಿಕೊಳ್ಳುತ್ತಿದ್ದ ಗಣಕಯಂತ್ರಗಳು. ಸರ್ವರ್‌ನಲ್ಲಿ ಜಾಗ ಕಡಿಮೆಯಿದ್ದ ಕಾಲದಲ್ಲಿ ಅಧಿಕಾರಿಯ ಮೇಜಿನ ಮೇಲಿನ ಯಂತ್ರವು ಪತ್ರಗಳನ್ನು ಇಳಿಸಿಕೊಂಡು ಸರ್ವರ್‌ನಿಂದ ಅಳಿಸಿಬಿಡುವಂತೆ ಹೊಂದಿಸುವ ರೂಢಿಯಿತ್ತು. ಹೀಗಿದ್ದ ಕಡೆ ಸರ್ವರ್‌ನಲ್ಲಿ ಸ್ಥಳಾಂತರಿಸಲು ಏನೂ ಉಳಿದಿರುವುದಿಲ್ಲ. ಹಲವು ವರ್ಷಗಳ ಪತ್ರವ್ಯವಹಾರ ಒಂದು ಹಾರ್ಡ್ ಡಿಸ್ಕ್‌ನಲ್ಲಿ ಒಂದೇ ಕಡತವಾಗಿ ಇರುತ್ತದೆ. ಹೊಸ ಪೆಟ್ಟಿಗೆ ಖಾಲಿ ಕಂಡರೆ ಪತ್ರ ನಾಶವಾಯಿತೆಂದು ತಿಳಿಯಬೇಕಾಗಿಲ್ಲ. ಆ ಯಂತ್ರ ಯಾರ ಸುಪರ್ದಿನಲ್ಲಿದೆ, ಗುಜರಿಗೆ ವಿಲೇವಾರಿಯಾಗಿದೆಯೇ ಎಂಬುದನ್ನು ವಿಚಾರಿಸತಕ್ಕದ್ದು.

ಉಳಿದಂತೆ, ಮಿತಿಗಿಂತ ದೊಡ್ಡದಾದ ಪತ್ರಗಳನ್ನು ಮತ್ತು ರಚನೆ ಕೆಟ್ಟಿರುವ ಪತ್ರಗಳನ್ನು ಸ್ಥಳಾಂತರ ತಂತ್ರಾಂಶವು ಬಿಟ್ಟು ಮುಂದೆ ಸಾಗುತ್ತದೆ. ಬಿಟ್ಟವುಗಳ ಪಟ್ಟಿಯನ್ನೂ ಕೊಡುತ್ತದೆ. ಕಾಮಗಾರಿಯ ನಕ್ಷೆ, ಸ್ಕ್ಯಾನ್ ಮಾಡಿದ ಕ್ರಯಪತ್ರ ಮುಂತಾದ ಭಾರದ ಲಗತ್ತುಗಳೇ ಈ ಪಟ್ಟಿಯಲ್ಲಿ ಹೆಚ್ಚಾಗಿ ಕಾಣುವುದು ಸಹಜ.

ವಾಣಿಜ್ಯ ಓದಿದವರಿಗೆ ಈ ಕೆಲಸ ಅಪರಿಚಿತವಲ್ಲ. ವರ್ಷಾಂತ್ಯದಲ್ಲಿ ಹಳೆಯ ಲೆಡ್ಜರ್‌ನ ಶಿಲ್ಕನ್ನು ಹೊಸ ಲೆಡ್ಜರ್‌ಗೆ ತರುವಾಗ ಎರಡರ ಮೊತ್ತ ತಾಳೆಯಾಗದೆ ಪುಸ್ತಕ ಮುಚ್ಚುವುದಿಲ್ಲ. ಅದೇ ರೀತಿ ಪ್ರತಿ ಪೆಟ್ಟಿಗೆಯಲ್ಲೂ ಹಳೆಯದರಲ್ಲಿ ಎಷ್ಟು ಪತ್ರ, ಹೊಸದರಲ್ಲಿ ಎಷ್ಟು, ಬಿಟ್ಟದ್ದು ಎಷ್ಟು ಎಂಬ ಮೂರು ಸಂಖ್ಯೆಗಳು ತಾಳೆಯಾಗುವವರೆಗೆ ಹಳೆಯ ಸರ್ವರನ್ನು ಅಳಿಸಬಾರದು. ಶೇಕಡಾ ನೂರು ಪೂರ್ಣಗೊಂಡಿದೆ ಎಂದು ಪರದೆ ತೋರಿಸುವುದು ಈ ತಾಳೆಗೆ ಬದಲಿಯಾಗದು.

ಹಿಂದಿರುಗಿದ ಪತ್ರವನ್ನು ಓದುವ ಕ್ರಮ

ಪತ್ರ ತಲುಪದಿದ್ದಾಗ ಬರುವ ಆಂಗ್ಲ ಸಂದೇಶವನ್ನು ಹಲವರು ಓದದೆ ಅಳಿಸಿಬಿಡುತ್ತಾರೆ. ಹಾಗೆ ಮಾಡಕೂಡದು. ಅದರಲ್ಲಿರುವ ಅಂಕಿಗಳು ಕಾರಣವನ್ನು ತಿಳಿಸುತ್ತವೆ. ಅಲ್ಲದೆ, ತಾವು ಯಾವ ದಿನ ಯಾವ ಗಂಟೆಗೆ ಪ್ರಯತ್ನಿಸಿದ್ದಿರಿ ಎಂಬುದಕ್ಕೆ ಅದು ದಾಖಲೆಯೂ ಆಗುತ್ತದೆ.

4ರಿಂದ ಆರಂಭವಾಗುವ ಸಂಕೇತವು ತಾತ್ಕಾಲಿಕ ಅಡಚಣೆಯನ್ನು ಸೂಚಿಸುತ್ತದೆ. ತಮ್ಮ ಸೇವಾದಾರರು ತಾವಾಗಿಯೇ ಮತ್ತೆ ಮತ್ತೆ ಪ್ರಯತ್ನಿಸುತ್ತಾರೆ. ಅಂತರ್ಜಾಲ ಅಂಚೆಯ ನಿಯಮಾವಳಿ ಇದಕ್ಕೆ 4ರಿಂದ 5 ದಿನಗಳ ಅವಧಿಯನ್ನು ಸೂಚಿಸಿದ್ದರೂ ಕೆಲವು ಸೇವೆಗಳು ಒಂದೆರಡು ದಿನಗಳಲ್ಲೇ ಕೈಬಿಡುತ್ತವೆ. ಆದ್ದರಿಂದ ಕೊನೆಯ ದಿನಾಂಕ ಸಮೀಪಿಸಿದ್ದರೆ ಕಾಯುತ್ತ ಕೂರಬಾರದು.

5ರಿಂದ ಆರಂಭವಾಗುವ ಸಂಕೇತವು ಅಂತಿಮ ನಿರಾಕರಣೆ. ಪದೇ ಪದೇ ಎದುರಾಗುವವು ಇಂತಿವೆ:

550 5.1.1 — ಆ ಹೆಸರಿನ ಪೆಟ್ಟಿಗೆ ಇಲ್ಲ. ವಿಳಾಸದ ಅಕ್ಷರಗಳನ್ನು ಮೊದಲು ಪರಿಶೀಲಿಸುವುದು. ವಿಳಾಸ ಸರಿಯಿದ್ದಲ್ಲಿ ಮೇಲೆ ಹೇಳಿದ ಸಾಮಾನ್ಯ ವಿಳಾಸ ಬಿಟ್ಟುಹೋಗಿರುವ ಸಂಭವ ಹೆಚ್ಚು. ಕಚೇರಿಗೆ ತಿಳಿಸುವುದು.

552 5.2.2 — ಪೆಟ್ಟಿಗೆ ತುಂಬಿದೆ. ಹಳೆಯ ಪತ್ರಗಳನ್ನೆಲ್ಲ ತುಂಬಿಸಿದ ಹೊಸ ಪೆಟ್ಟಿಗೆ ಮಿತಿಯನ್ನು ಮುಟ್ಟಿರಬಹುದು.

552 5.3.4 — ಪತ್ರದ ಗಾತ್ರ ಮಿತಿಗಿಂತ ಹೆಚ್ಚು. ಇದರ ಬಗ್ಗೆ ಒಂದು ಮಾತು: ಲಗತ್ತುಗಳು ಇ-ಮೇಲ್‌ನಲ್ಲಿ ಪ್ರಯಾಣಿಸುವಾಗ ಅಕ್ಷರರೂಪಕ್ಕೆ ಬದಲಾಗಿ ಸುಮಾರು ಮೂರನೇ ಒಂದು ಭಾಗದಷ್ಟು ಹಿಗ್ಗುತ್ತವೆ. ಕಚೇರಿಯ ಮಿತಿ 10 ಎಂಬಿ ಇದ್ದರೆ 7 ಎಂಬಿಗಿಂತ ಹೆಚ್ಚಿನ ಕಡತ ದಾಟುವುದು ಅನುಮಾನ. ಆಧಾರ್ ಪ್ರತಿ, ತೆರಿಗೆ ರಸೀದಿ ಮುಂತಾದವನ್ನು ಮೊಬೈಲ್ ಕ್ಯಾಮೆರಾದಲ್ಲಿ ತೆಗೆದು ಹಾಗೆಯೇ ಕಳುಹಿಸುವ ಬದಲು ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡಿಸಿದರೆ ಈ ತೊಂದರೆ ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

550 5.7 ಎಂದು ಆರಂಭವಾಗುವವು — ಕಳುಹಿಸಿದವರ ಗುರುತು ಅಥವಾ ಅನುಮತಿಯ ಬಗ್ಗೆ ಆಕ್ಷೇಪ. ಸ್ವಂತ ಡೊಮೈನ್ ಇರುವ ಸಂಘ ಸಂಸ್ಥೆಗಳಿಗೆ ಇದು ಹೆಚ್ಚಾಗಿ ಎದುರಾಗುತ್ತದೆ. ವಿವರ ಮುಂದೆ ಇದೆ.

ಕೆಂಪಾಪುರ, ದಾಸರಹಳ್ಳಿ ಮುಖ್ಯರಸ್ತೆಯ ಕಡೆ ಅನೇಕ ಅರ್ಜಿದಾರರು, ವಿಶೇಷವಾಗಿ ಹಿರಿಯ ನಾಗರಿಕರು, ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ ಅಂಗಡಿಯವರ ಇ-ಮೇಲ್‌ನಿಂದಲೇ ಅರ್ಜಿ ಕಳುಹಿಸಿ ಬರುತ್ತಾರೆ. ಪತ್ರ ಹಿಂದಿರುಗಿದರೆ ಸೂಚನೆ ಹೋಗುವುದು ಅಂಗಡಿಯ ಪೆಟ್ಟಿಗೆಗೆ. ನೂರಾರು ಪತ್ರಗಳ ನಡುವೆ ಅದನ್ನು ಯಾರೂ ನೋಡುವುದಿಲ್ಲ. ಅರ್ಜಿದಾರರು ತಮ್ಮ ಅರ್ಜಿ ಕಚೇರಿಯಲ್ಲಿದೆ ಎಂದೇ ನಂಬಿರುತ್ತಾರೆ. ಕಚೇರಿ ಕೊಡುವ ಉತ್ತರವೂ ಅಲ್ಲಿಗೇ ಹೋಗುತ್ತದೆ. ಆದುದರಿಂದ ಸ್ವಂತ ಅಥವಾ ಮನೆಯವರ ಇ-ಮೇಲ್ ಖಾತೆಯಿಂದಲೇ ಕಳುಹಿಸುವುದು. ಅದು ಸಾಧ್ಯವಾಗದಿದ್ದಲ್ಲಿ ಅರ್ಜಿಯೊಳಗೆ ತಮ್ಮ ಅಂಚೆ ವಿಳಾಸ ಮತ್ತು ಮೊಬೈಲ್ ಸಂಖ್ಯೆಯನ್ನು ತಪ್ಪದೆ ನಮೂದಿಸಿ, ಎರಡು ದಿನಗಳ ಬಳಿಕ ಅಂಗಡಿಗೆ ಹೋಗಿ ವಿಚಾರಿಸುವುದು.

ಅರ್ಜಿ ತಲುಪಿದೆ ಎಂದು ಯಾವಾಗ ಭಾವಿಸಲಾಗುವುದು

ಅನೇಕ ಅರ್ಜಿಗಳಿಗೆ ಕಾಲಮಿತಿ ಇರುವುದರಿಂದ ಈ ಪ್ರಶ್ನೆ ಮಹತ್ವದ್ದು. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 13ನೇ ಪ್ರಕರಣವು ಇದಕ್ಕೆ ಉತ್ತರಿಸುತ್ತದೆ. ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ವಿದ್ಯುನ್ಮಾನ ದಾಖಲೆಯು ಕಳುಹಿಸಿದವರ ಹತೋಟಿಯ ಆಚೆಗಿನ ಗಣಕ ಸಂಪನ್ಮೂಲವನ್ನು ಪ್ರವೇಶಿಸಿದಾಗ ಅದು ರವಾನೆಯಾದಂತೆ. ಸ್ವೀಕರಿಸುವವರು ಇಂಥ ವಿಳಾಸಕ್ಕೆ ಕಳುಹಿಸಿರಿ ಎಂದು ಗೊತ್ತುಪಡಿಸಿದ್ದರೆ, ಆ ಸಂಪನ್ಮೂಲವನ್ನು ದಾಖಲೆ ಪ್ರವೇಶಿಸಿದ ಸಮಯವೇ ಸ್ವೀಕೃತಿಯ ಸಮಯ. ಗೊತ್ತುಪಡಿಸಿದ್ದನ್ನು ಬಿಟ್ಟು ಅವರದೇ ಬೇರೊಂದು ವಿಳಾಸಕ್ಕೆ ಕಳುಹಿಸಿದ್ದರೆ, ಅವರು ಅದನ್ನು ತೆರೆದು ಪಡೆದುಕೊಂಡಾಗ ಮಾತ್ರ ಸ್ವೀಕೃತಿಯಾದಂತೆ.

ಇದನ್ನು ಸ್ಥಳಾಂತರಕ್ಕೆ ಅನ್ವಯಿಸಿ ನೋಡಿದಾಗ ಎರಡು ಭಿನ್ನ ಸ್ಥಿತಿಗಳು ಕಾಣುತ್ತವೆ. ಪತ್ರ ಹಿಂದಿರುಗಿದ್ದರೆ ಅದು ಕಚೇರಿಯ ಸಂಪನ್ಮೂಲವನ್ನು ಪ್ರವೇಶಿಸಿಲ್ಲ. ತಲುಪಿತೆಂದು ಹೇಳುವುದು ಕಷ್ಟ. ಆದರೆ ಗೊತ್ತುಪಡಿಸಿದ ವಿಳಾಸಕ್ಕೆ ಬಂದ ಪತ್ರವನ್ನು ಹಳೆಯ ಸರ್ವರ್ ಸ್ವೀಕರಿಸಿ, ಯಾರೂ ತೆರೆಯದ ಪೆಟ್ಟಿಗೆಯಲ್ಲಿ ಇರಿಸಿದ್ದರೆ, ಅಧಿಕಾರಿ ಅದನ್ನು ಓದಲಿಲ್ಲ ಎಂಬ ಕಾರಣಕ್ಕೆ ಅರ್ಜಿ ಬಂದಿಲ್ಲವೆನ್ನುವುದು ಪ್ರಕರಣದ ಆಶಯಕ್ಕೆ ಒಪ್ಪುವುದಿಲ್ಲ. ಅಂತಿಮ ನಿರ್ಧಾರ ಆಯಾ ಪ್ರಾಧಿಕಾರದ್ದೇ ಆದರೂ ಅರ್ಜಿದಾರರು ಈ ಅಂಶವನ್ನು ಲಿಖಿತವಾಗಿ ಮುಂದಿಡಬಹುದು.

ಅದೇ ಅಧಿನಿಯಮದ 12ನೇ ಪ್ರಕರಣದ ಪ್ರಕಾರ, ಸ್ವೀಕೃತಿಯನ್ನು ಇಂಥದೇ ರೂಪದಲ್ಲಿ ನೀಡಬೇಕೆಂದು ಮೊದಲೇ ಹೇಳಿರದಿದ್ದಲ್ಲಿ, ಸ್ವೀಕರಿಸಿದವರಿಂದ ಬರುವ ಯಾವುದೇ ಸಂದೇಶ ಸ್ವೀಕೃತಿಯಾಗಬಲ್ಲದು. ಯಂತ್ರ ತಾನಾಗಿ ಕಳುಹಿಸುವ ಉತ್ತರವೂ ಇದರಲ್ಲಿ ಸೇರುತ್ತದೆ. ಆದ್ದರಿಂದ ಕಚೇರಿಯಿಂದ ಬರುವ ಸ್ವಯಂಚಾಲಿತ ಉತ್ತರವನ್ನು ನಿರುಪಯೋಗಿ ಎಂದು ಅಳಿಸದೆ ಜೋಪಾನ ಮಾಡುವುದು.

ಇನ್ನೊಂದು ಮಗ್ಗುಲನ್ನೂ ಹೇಳದೆ ಬಿಡುವಂತಿಲ್ಲ. ವಿದ್ಯುನ್ಮಾನ ರೂಪದಲ್ಲಿಯೇ ದಾಖಲೆಯನ್ನು ಸ್ವೀಕರಿಸಬೇಕೆಂದು ಯಾವುದೇ ಇಲಾಖೆಯನ್ನು ಒತ್ತಾಯಿಸುವ ಹಕ್ಕು ಅಧಿನಿಯಮದ 6, 7 ಮತ್ತು 8ನೇ ಪ್ರಕರಣಗಳಿಂದ ಯಾರಿಗೂ ದೊರೆಯುವುದಿಲ್ಲ ಎಂದು 9ನೇ ಪ್ರಕರಣ ಸ್ಪಷ್ಟಪಡಿಸಿದೆ. ಕಚೇರಿಯು ಇ-ಮೇಲ್ ಮೂಲಕ ಅರ್ಜಿ ಸ್ವೀಕರಿಸುವುದಾಗಿ ಪ್ರಕಟಿಸಿದ್ದರೆ ಮಾತ್ರ ಆ ಮಾರ್ಗವನ್ನು ನೆಚ್ಚಿಕೊಳ್ಳುವುದು ಕ್ಷೇಮ.

ಯಾವ ಸೇವೆಗೆ ಯಾವ ಮಾರ್ಗ

ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಯ ಸೇವೆಗಳಿಗೆ ಇ-ಮೇಲ್ ಕಳುಹಿಸುವುದು ಸರಿಯಾದ ದಾರಿಯಲ್ಲ. ಸೇವಾ ಸಿಂಧು ಜಾಲತಾಣ, ನಾಡಕಚೇರಿ, ಬೆಂಗಳೂರು ಒನ್ ಕೇಂದ್ರ ಅಥವಾ ಆಯಾ ಇಲಾಖೆಯ ಕೌಂಟರ್ ಮೂಲಕ ಅರ್ಜಿ ಸಲ್ಲಿಸಿ ಜಿಎಸ್‌ಸಿ ಸಂಖ್ಯೆಯುಳ್ಳ ಸ್ವೀಕೃತಿ ಪಡೆಯತಕ್ಕದ್ದು. ನಿಗದಿತ ದಿನಗಳ ಎಣಿಕೆ ಈ ಸ್ವೀಕೃತಿಗೆ ಹೊಂದಿಕೊಂಡಿದೆ. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ವೆಚ್ಚ ಕೇಳುವುದಕ್ಕೂ ಇದೇ ಆಧಾರ. ಇ-ಮೇಲ್ ಸ್ಥಳಾಂತರವು ಈ ಸಂಖ್ಯೆಯನ್ನು ಅಲುಗಿಸುವುದಿಲ್ಲ. ಸಂಖ್ಯೆ ಕೈಯಲ್ಲಿದ್ದವರು, ಪತ್ರ ಬರಲಿಲ್ಲವೆಂದು ಗಾಬರಿಯಾಗದೆ, ಅರ್ಜಿಯ ಸ್ಥಿತಿಯನ್ನು ನೇರವಾಗಿ ಜಾಲತಾಣದಲ್ಲಿ ನೋಡಿಕೊಳ್ಳಬಹುದು.

ಮಾಹಿತಿ ಹಕ್ಕು ಅಧಿನಿಯಮ, 2005ರ 6ನೇ ಪ್ರಕರಣವು ವಿದ್ಯುನ್ಮಾನ ಮಾರ್ಗದಲ್ಲಿ ಅರ್ಜಿ ಸಲ್ಲಿಸಲು ಅವಕಾಶ ಕೊಟ್ಟಿದೆ. ಆದರೆ ಅರ್ಜಿಯ ಜೊತೆ ಶುಲ್ಕವೂ ಸಲ್ಲಬೇಕು. ಕೇವಲ ಇ-ಮೇಲ್‌ನಲ್ಲಿ ಅರ್ಜಿ ಕಳುಹಿಸಿ 30 ದಿನ ಎಣಿಸುತ್ತ ಕುಳಿತುಕೊಳ್ಳುವುದಕ್ಕಿಂತ, ಶುಲ್ಕವನ್ನೂ ಪಾವತಿಸಲು ಅನುಕೂಲವಿರುವ ಆನ್‌ಲೈನ್ ಮಾಹಿತಿ ಹಕ್ಕು ಜಾಲತಾಣವನ್ನು ಬಳಸುವುದು ಲೇಸು. ಅಲ್ಲಿ ನೋಂದಣಿ ಸಂಖ್ಯೆ ಕೂಡಲೇ ಸಿಗುತ್ತದೆ.

ಆಕ್ಷೇಪಣೆ, ಮೇಲ್ಮನವಿ, ಟೆಂಡರ್ ಸಂಬಂಧಿತ ಮನವಿ ಮುಂತಾದ, ಒಂದು ದಿನ ತಡವಾದರೂ ಹಕ್ಕು ಹೋಗುವಂಥ ಪತ್ರಗಳನ್ನು ಸ್ಥಳಾಂತರದ ಅವಧಿಯಲ್ಲಿ ಇ-ಮೇಲ್‌ಗೆ ಮಾತ್ರ ಒಪ್ಪಿಸಬಾರದು. ಟಪಾಲು ಶಾಖೆಯಲ್ಲಿ ಖುದ್ದಾಗಿ ಕೊಟ್ಟು ಎರಡನೇ ಪ್ರತಿಯ ಮೇಲೆ ಮೊಹರು, ದಿನಾಂಕ, ಸಹಿ ಪಡೆಯುವುದು, ಇಲ್ಲವೇ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳುವುದು. ಹಳೆಯ ಪದ್ಧತಿಯೆಂದು ಕಡೆಗಣಿಸುವಂತಿಲ್ಲ. ಮೊಹರು ಬಿದ್ದ ಪ್ರತಿಯನ್ನು ಯಾವ ಸರ್ವರೂ ಹಿಂದಿರುಗಿಸಲಾರದು.

ವಿಳಾಸದ ಬಗ್ಗೆ ಈ ಭಾಗದವರಿಗೆ ಒಂದು ವಿಶೇಷ ಸೂಚನೆ. 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿವೆ. ಹಳೆಯ ತೆರಿಗೆ ರಸೀದಿ, ನೋಟಿಸು ಅಥವಾ ನೆರೆಹೊರೆಯವರ ವಾಟ್ಸಾಪ್ ಗುಂಪಿನಲ್ಲಿ ಸಿಕ್ಕ ಇ-ಮೇಲ್ ವಿಳಾಸವನ್ನು ನಂಬಿ ಅರ್ಜಿ ಕಳುಹಿಸದೆ, ತಮ್ಮ ಸ್ವತ್ತು ಯಾವ ಪಾಲಿಕೆಯ ಯಾವ ಕಚೇರಿಗೆ ಒಳಪಟ್ಟಿದೆ ಎಂಬುದನ್ನು ಅಧಿಕೃತ ಜಾಲತಾಣದಲ್ಲಿ ನೋಡಿಕೊಂಡು ಅಲ್ಲಿರುವ ವಿಳಾಸವನ್ನೇ ಬಳಸುವುದು.

ಕಚೇರಿಗೆ ದೂರು ನೀಡುವಾಗ ಒದಗಿಸಬೇಕಾದ ವಿವರ

ಇ-ಮೇಲ್ ಕಳುಹಿಸಿದ್ದೆ, ಉತ್ತರ ಬಂದಿಲ್ಲ ಎಂದಷ್ಟೇ ಬರೆದರೆ ಹುಡುಕಲು ಸಾಧ್ಯವಾಗದು. ಕಳುಹಿಸಿದ ವಿಳಾಸ, ಯಾರ ವಿಳಾಸಕ್ಕೆ ಕಳುಹಿಸಲಾಗಿದೆ ಎಂಬುದು, ದಿನಾಂಕ ಮತ್ತು ಗಂಟೆ, ವಿಷಯದ ಸಾಲು ಇವಿಷ್ಟು ಅಗತ್ಯ. ಇವುಗಳ ಜೊತೆಗೆ ಪತ್ರದ ಮೆಸೇಜ್ ಐಡಿ ಕೊಟ್ಟರೆ ಕೆಲಸ ಬಹಳ ಸುಲಭವಾಗುತ್ತದೆ. ಪ್ರತಿ ಇ-ಮೇಲ್‌ಗೂ ಇಂಥದೊಂದು ಪ್ರತ್ಯೇಕ ಗುರುತು ಇರುತ್ತದೆ. ಜಿಮೇಲ್ ಬಳಸುವವರು ಗಣಕಯಂತ್ರದಲ್ಲಿ ಕಳುಹಿಸಿದ ಪತ್ರವನ್ನು ತೆರೆದು, ಬಲಬದಿಯ ಮೂರು ಚುಕ್ಕೆಗಳನ್ನು ಒತ್ತಿ, ಶೋ ಒರಿಜಿನಲ್ ಎಂಬುದನ್ನು ಆಯ್ದರೆ ಮೊದಲ ಸಾಲಿನಲ್ಲೇ ಅದು ಕಾಣುತ್ತದೆ. ನಿರ್ವಾಹಕರು ಈ ಗುರುತನ್ನು ಹಿಡಿದು, ಪತ್ರ ಯಾವ ಸರ್ವರ್‌ಗೆ ಬಂತು, ಯಾವ ಪೆಟ್ಟಿಗೆಗೆ ಬಿತ್ತು ಎಂಬುದನ್ನು ಸಂಚಾರ ದಾಖಲೆಯಲ್ಲಿ ಪತ್ತೆ ಮಾಡಬಲ್ಲರು.

ಈ ಸಂಚಾರ ದಾಖಲೆಗಳು ಶಾಶ್ವತವಲ್ಲ. ಪ್ರಚಲಿತ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ 30ರಿಂದ 90 ದಿನಗಳಷ್ಟು ಕಾಲ ಮಾತ್ರ ಉಳಿಯುತ್ತವೆ. ಹಳೆಯ ಸರ್ವರ್ ನಿಂತ ಮೇಲೆ ಅದರ ದಾಖಲೆಗಳು ಸಿಗುವುದು ಇನ್ನೂ ಕಷ್ಟ. ದೂರನ್ನು ಮೊದಲ ತಿಂಗಳೊಳಗೇ ನೀಡುವುದು, ಮತ್ತು ಹಳೆಯ ಪೆಟ್ಟಿಗೆಯಲ್ಲೂ ಹುಡುಕಬೇಕೆಂದು ಸ್ಪಷ್ಟವಾಗಿ ಬರೆಯುವುದು. ಈ ಒಂದು ವಾಕ್ಯ ಬಿಟ್ಟುಹೋದರೆ ಹೊಸ ಪೆಟ್ಟಿಗೆಯನ್ನಷ್ಟೇ ನೋಡಿ, ಪತ್ರ ಸ್ವೀಕೃತವಾಗಿಲ್ಲ ಎಂಬ ಹಿಂಬರಹ ಬರುವ ಸಂಭವವಿದೆ.

ಹಳೆಯ ಕನ್ನಡ ಪತ್ರಗಳು ಓದಲಾಗದಂತೆ ಕಾಣುವುದು

ಸ್ಥಳಾಂತರದ ನಂತರ ಹಳೆಯ ಕನ್ನಡ ಪತ್ರಗಳು ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿಯಂತೆ ಕಂಡು, ಕಡತ ಕೆಟ್ಟಿದೆ ಎಂಬ ಭಾವನೆ ಬರುವುದುಂಟು. ಬಹುತೇಕ ಸಂದರ್ಭಗಳಲ್ಲಿ ಏನೂ ಕೆಟ್ಟಿರುವುದಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಕಚೇರಿಗಳಲ್ಲಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ, ಹಾಗೂ ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಪತ್ರ ಬರೆಯಲಾಗುತ್ತಿತ್ತು. ಇವುಗಳಲ್ಲಿ ಒಳಗಿರುವುದು ರೋಮನ್ ಸಂಕೇತಗಳೇ. ಅವನ್ನು ಕನ್ನಡವಾಗಿ ತೋರಿಸುತ್ತಿದ್ದುದು ಯಂತ್ರದಲ್ಲಿ ಅಳವಡಿಸಿದ್ದ ಅಕ್ಷರಶೈಲಿ. ಕಚೇರಿಯ ಹಳೆಯ ಗಣಕದಲ್ಲಿ ಆ ಶೈಲಿ ಇತ್ತು, ಕ್ಲೌಡ್‌ನ ಜಾಲಪುಟದಲ್ಲಾಗಲಿ ಮೊಬೈಲ್‌ನಲ್ಲಾಗಲಿ ಅದು ಇಲ್ಲ.

ಪರಿಹಾರ ಸರಳವಾದದ್ದು. ಪಠ್ಯವನ್ನು ನಕಲು ಮಾಡಿ ನುಡಿ ತಂತ್ರಾಂಶದಲ್ಲಿರುವ ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಿಸಿದರೆ ಓದಬಹುದು. ಮೂಲ ಪತ್ರವನ್ನು ಮಾತ್ರ ಅಳಿಸಬಾರದು, ಏಕೆಂದರೆ ಒತ್ತಕ್ಷರ ಮತ್ತು ಅರ್ಕಾವತ್ತುಗಳಲ್ಲಿ ಪರಿವರ್ತಕಗಳು ಆಗಾಗ ಎಡವುತ್ತವೆ. ವ್ಯಕ್ತಿಯ ಹೆಸರು, ಸರ್ವೆ ನಂಬರು ಇರುವ ಸಾಲುಗಳನ್ನು ಮೂಲದೊಂದಿಗೆ ಹೋಲಿಸಿ ನೋಡತಕ್ಕದ್ದು. ಈಗ ಹೊಸದಾಗಿ ಅರ್ಜಿ ಬರೆಯುವವರು ಯೂನಿಕೋಡ್‌ನಲ್ಲೇ ಬರೆಯುವುದು, ಇಲ್ಲವೇ ಪಿಡಿಎಫ್ ಮಾಡಿ ಲಗತ್ತಿಸುವುದು.

ಸ್ವಂತ ಡೊಮೈನ್ ಇರುವ ಸಂಘ ಸಂಸ್ಥೆಗಳಿಗೆ

ಹೊರ ವರ್ತುಲ ರಸ್ತೆಯ ಈ ಭಾಗದಲ್ಲಿ ನಿವಾಸಿಗಳ ಸಂಘಗಳು, ಶಾಲೆಗಳು, ಸಣ್ಣ ಉದ್ದಿಮೆಗಳು ತಮ್ಮದೇ ಡೊಮೈನ್ ಹೊಂದಿರುವುದು ಸಾಮಾನ್ಯ. ಸ್ಥಳಾಂತರ ಇವರ ಕಡೆಯೇ ನಡೆದು, ಬಳಿಕ ಸರ್ಕಾರಿ ಕಚೇರಿಗೆ ಕಳುಹಿಸಿದ ಪತ್ರಗಳು 5.7 ಸಂಕೇತದೊಂದಿಗೆ ಹಿಂದಿರುಗಬಹುದು. ಕಾರಣ ಬಹುತೇಕ ಎಸ್‌ಪಿಎಫ್ ದಾಖಲೆ. ಈ ಡೊಮೈನ್‌ನ ಹೆಸರಿನಲ್ಲಿ ಪತ್ರ ಕಳುಹಿಸಲು ಯಾವ ಯಂತ್ರಗಳಿಗೆ ಅಧಿಕಾರವಿದೆ ಎಂಬ ಪಟ್ಟಿ ಅದು. ಹಳೆಯ ಸರ್ವರ್‌ನ ಹೆಸರಷ್ಟೇ ಅದರಲ್ಲಿ ಉಳಿದಿದ್ದರೆ ಹೊಸ ಕ್ಲೌಡ್‌ನಿಂದ ಹೋದ ಪತ್ರ ಅನಧಿಕೃತವೆನಿಸುತ್ತದೆ. ಕೆಲವರು ಹೊಸ ಸೇವಾದಾರರು ಕೊಟ್ಟ ಸಾಲನ್ನು ಎರಡನೆಯ ದಾಖಲೆಯಾಗಿ ಸೇರಿಸುತ್ತಾರೆ. ಒಂದು ಡೊಮೈನ್‌ಗೆ ಒಂದೇ ಎಸ್‌ಪಿಎಫ್ ದಾಖಲೆ ಇರತಕ್ಕದ್ದು. ಎರಡಿದ್ದರೆ ಎರಡೂ ಅಸಿಂಧು. ಎರಡನ್ನೂ ಒಂದೇ ಸಾಲಿನಲ್ಲಿ ಕೂಡಿಸುವುದು, ಮತ್ತು ಅದರೊಳಗಿನ ಹುಡುಕಾಟಗಳು ಹತ್ತನ್ನು ಮೀರದಂತೆ ನೋಡಿಕೊಳ್ಳುವುದು. ಡಿಕಿಮ್ ಸಹಿಯನ್ನು ಹೊಸ ವ್ಯವಸ್ಥೆಯಲ್ಲಿ ಪುನಃ ಚಾಲನೆಗೊಳಿಸಬೇಕು. ಹಳೆಯ ಸಹಿ ತಾನಾಗಿ ಜೊತೆಗೆ ಬರುವುದಿಲ್ಲ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ಈ ನಿಯಮಗಳನ್ನು ಬಿಗಿಗೊಳಿಸಿವೆ. ಆದ್ದರಿಂದ ಮೊದಲು ಹೇಗೋ ತಲುಪುತ್ತಿದ್ದ ಪತ್ರಗಳು ಈಗ ತಲುಪುತ್ತವೆಂದು ಭಾವಿಸುವಂತಿಲ್ಲ.

ವಂಚನೆಯ ಬಗ್ಗೆ ಎಚ್ಚರಿಕೆ

ನಿಮ್ಮ ಪೆಟ್ಟಿಗೆ ಸ್ಥಳಾಂತರವಾಗುತ್ತಿದೆ, 24 ಗಂಟೆಯೊಳಗೆ ಇಲ್ಲಿ ಒತ್ತಿ ಪಾಸ್‌ವರ್ಡ್ ದೃಢಪಡಿಸಿ ಎಂಬ ಸಂದೇಶಗಳು ವಂಚಕರ ಸಾಮಾನ್ಯ ಉಪಾಯ. ಸರ್ಕಾರಿ ಕಚೇರಿಯ ಪೆಟ್ಟಿಗೆ ಸ್ಥಳಾಂತರಗೊಂಡರೆ ಅದಕ್ಕಾಗಿ ನಾಗರಿಕರು ಮಾಡಬೇಕಾದ್ದು ಏನೂ ಇರುವುದಿಲ್ಲ. ಪಾಸ್‌ವರ್ಡ್, ಒಟಿಪಿ, ಆಧಾರ್ ಸಂಖ್ಯೆ ಅಥವಾ ಮರುಪಾವತಿ ಶುಲ್ಕ ಕೇಳುವ ಇಂಥ ಸಂದೇಶಗಳಿಗೆ ಉತ್ತರಿಸಕೂಡದು. ವಿಳಾಸವು ಜಿಒವಿ ಡಾಟ್ ಇನ್ ಅಥವಾ ಎನ್‌ಐಸಿ ಡಾಟ್ ಇನ್ ಎಂದು ಕೊನೆಗೊಳ್ಳುತ್ತದೆಯೇ ಎಂದು ಅಕ್ಷರ ಅಕ್ಷರ ನೋಡುವುದು. ನಡುವೆ ಎಲ್ಲೋ ಆ ಹೆಸರಿದ್ದರೆ ಸಾಲದು, ಕೊನೆಯಲ್ಲಿ ಇರಬೇಕು. ಹಣ ಕಳೆದುಕೊಂಡವರು ತಡಮಾಡದೆ 1930 ಸಂಖ್ಯೆಗೆ ಕರೆ ಮಾಡುವುದು.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಇ-ಮೇಲ್ ಹಿಂದಿರುಗಿದೆ, ನಾಳೆಯೇ ಕೊನೆಯ ದಿನ. ಅಧಿಕಾರಿಯ ಖಾಸಗಿ ಜಿಮೇಲ್ ವಿಳಾಸ ಗೊತ್ತಿದೆ, ಅದಕ್ಕೆ ಕಳುಹಿಸಬಹುದೇ?
ಉತ್ತರ: ಅದನ್ನು ನೆಚ್ಚಿಕೊಳ್ಳಬಾರದು. ಅದು ಕಚೇರಿ ಗೊತ್ತುಪಡಿಸಿದ ವಿಳಾಸವಲ್ಲ. ನಾಳೆ ಕಚೇರಿ ವೇಳೆಯಲ್ಲಿ ಟಪಾಲು ಶಾಖೆಗೆ ಮುದ್ರಿತ ಪ್ರತಿ ಕೊಟ್ಟು, ಹಿಂದಿರುಗಿದ ಸಂದೇಶದ ಪ್ರತಿಯನ್ನೂ ಲಗತ್ತಿಸುವುದು.

ಪ್ರಶ್ನೆ: ಸಂಶಯವಿದ್ದುದರಿಂದ ಒಂದೇ ಅರ್ಜಿಯನ್ನು ಐದು ಬಾರಿ ಕಳುಹಿಸಿದ್ದೇನೆ. ತೊಂದರೆಯಾಗುವುದೇ?
ಉತ್ತರ: ಐದು ಆವಕ ಸಂಖ್ಯೆ ಬಿದ್ದು ಐದು ಕಡತಗಳಾಗುವ ಸಂಭವವಿದೆ. ಮತ್ತೆ ಕಳುಹಿಸುವಾಗ ವಿಷಯದ ಸಾಲಿನಲ್ಲಿ ಮರುರವಾನೆ ಎಂದು ಬರೆದು ಮೊದಲ ಬಾರಿ ಕಳುಹಿಸಿದ ದಿನಾಂಕವನ್ನು ನಮೂದಿಸುವುದು.

ಪ್ರಶ್ನೆ: ಕಚೇರಿಯ ಹಳೆಯ ಪತ್ರಕ್ಕೆ ಉತ್ತರಿಸಿ ಎಂಬ ಗುಂಡಿ ಒತ್ತಿದರೆ ಹಿಂದಿರುಗುತ್ತದೆ, ವಿಳಾಸ ಟೈಪು ಮಾಡಿದರೆ ತಲುಪುತ್ತದೆ. ಏಕೆ?
ಉತ್ತರ: ಹಳೆಯ ಪತ್ರದಲ್ಲಿ ಹಳೆಯ ವ್ಯವಸ್ಥೆಯ ವಿಳಾಸ ಅಡಗಿರುತ್ತದೆ. ಫೋನಿನ ಸಂಪರ್ಕ ಪಟ್ಟಿಯಿಂದ ಆ ನಮೂದನ್ನು ಅಳಿಸಿ, ಅಧಿಕೃತ ಜಾಲತಾಣದಲ್ಲಿರುವ ವಿಳಾಸವನ್ನು ಹೊಸದಾಗಿ ಬರೆದುಕೊಂಡು, ಹೊಸ ಪತ್ರವಾಗಿಯೇ ಕಳುಹಿಸುವುದು. ಹಿಂದಿನ ಪತ್ರದ ಸಂಖ್ಯೆ ಮತ್ತು ದಿನಾಂಕವನ್ನು ಉಲ್ಲೇಖದಲ್ಲಿ ಕಾಣಿಸಿದರೆ ಕಡತಕ್ಕೆ ಜೋಡಿಸಲು ಅನುಕೂಲವಾಗುತ್ತದೆ.